ಹಾರಬಾರದಿದ್ದ ಲೈಟ್ನಿಂಗ್

ಇಂಗ್ಲೆಂಡಿನ ಡಕ್ಸ್‌ಫರ್ಡ್ ವಿಮಾನ ಮ್ಯೂಸಿಯಂಗೆ ಹೋಗುವವರು ವಿಟ್ಲ್ಸ್‌ಫರ್ಡ್ ಸ್ಟೇಷನ್‌ನಲ್ಲಿ ಇಳಿದು ಬಸ್ ನಂಬಿ ಕೂರಬೇಡಿ. ಮುಕ್ಕಾಲು ಗಂಟೆ ಕಾದೆ, ಬರಲೇ ಇಲ್ಲ. ಮಳೆಯಲ್ಲಿ ಮೂರು ಕಿಲೋಮೀಟರ್ ನಡೆದು ಇಂಪೀರಿಯಲ್ ವಾರ್ ಮ್ಯೂಸಿಯಂ ಮುಟ್ಟುವಷ್ಟರಲ್ಲಿ ಶೂ ಪಚಪಚ ಅನ್ನುತ್ತಿತ್ತು.

ಒಳಗೆ ಎಲ್ಲರೂ ಕಾಂಕಾರ್ಡ್ ವಿಮಾನ ಹತ್ತುತ್ತಿದ್ದರು. ನಾನೂ ಹತ್ತಿದೆ. ಇಕ್ಕಟ್ಟು, ಅಷ್ಟೇ. ನಾನು ಬಂದದ್ದು ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯ ಲೈಟ್ನಿಂಗ್ ಎಂಬ ಹಳೆಯ ಬ್ರಿಟಿಷ್ ಯುದ್ಧವಿಮಾನ ನೋಡಲು. ಇದರ ವಿನ್ಯಾಸ ಶುರು ಮಾಡಿದ ಟೆಡ್ಡಿ ಪೆಟರ್ ಅವರೇ ಮುಂದೆ ಪುಟಾಣಿ ಯುದ್ಧವಿಮಾನ ನ್ಯಾಟ್ ರೂಪಿಸಿದ್ದು. ಆ ನ್ಯಾಟ್ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗುತ್ತಿದ್ದಾಗ ಅಪ್ಪ ಅಲ್ಲಿ ಫಿಟ್ಟರ್.

ಫೋಟೋದಲ್ಲಿ ಲೈಟ್ನಿಂಗ್ ಚೂಪು. ಎದುರು ನಿಂತರೆ ಡೊಳ್ಳುಹೊಟ್ಟೆ! ಎರಡು ಏವನ್ ಎಂಜಿನ್‌ಗಳನ್ನು ಊಟದ ಕ್ಯಾರಿಯರ್ ಹಾಗೆ ಒಂದರ ಮೇಲೊಂದು ಇಟ್ಟಿದ್ದಾರೆ. ಶಬ್ದದ ಎರಡು ಪಟ್ಟು ವೇಗ. ಇಂಧನಕ್ಕೆ ಜಾಗ ಕಡಿಮೆ, ಕುಡಿಯುವುದು ಮಾತ್ರ ಜಾಸ್ತಿ.

ಪಕ್ಕದಲ್ಲಿ ಊರುಗೋಲು ಹಿಡಿದ ಒಬ್ಬ ಅಜ್ಜ ನಿಂತಿದ್ದರು. ಬಿನ್‌ಬ್ರೂಕ್ ವಾಯುನೆಲೆಯಲ್ಲಿ ಲೈಟ್ನಿಂಗ್ ಮೆಕ್ಯಾನಿಕ್ ಆಗಿದ್ದರಂತೆ. "ಯಾವಾಗಲೂ ಸೋರುತ್ತಿತ್ತು. ಕೆಳಗೆ ಟ್ರೇ ಇಡುತ್ತಿದ್ದೆವು" ಅಂದರು, ಮನೆಯ ತುಂಟ ಎಮ್ಮೆಯ ಬಗ್ಗೆ ಹೇಳುವ ಹಾಗೆ. ಆಮೇಲೆ ಬಾಲದ ಹತ್ತಿರದ ನಂಬರ್ ತೋರಿಸಿದರು. ಎಕ್ಸ್‌ಎಂ 135. "ಇದರ ಕಥೆ ಗೊತ್ತಾ?"

ಗೊತ್ತಿತ್ತು. ಆದರೂ ಇಲ್ಲ ಅಂದೆ.

1966ರ ಜುಲೈ 22, ಲೈನಮ್ ವಾಯುನೆಲೆ. ಈ ವಿಮಾನದಲ್ಲಿ ಒಂದು ವೈರಿಂಗ್ ದೋಷ ಕಾಡುತ್ತಿತ್ತು. ಅದನ್ನು ಹುಡುಕಲು ಎಂಜಿನಿಯರ್ ವಾಲ್ಟರ್ ಹೋಲ್ಡನ್ ಕಾಕ್‌ಪಿಟ್‌ನಲ್ಲಿ ಕೂತರು. ರನ್‌ವೇ ಮೇಲೆ ಸ್ವಲ್ಪ ಓಡಿಸಿ ನಿಲ್ಲಿಸುವುದು, ಅಷ್ಟೇ ಕೆಲಸ. ಕಾಕ್‌ಪಿಟ್ ಮೇಲಿನ ಪಾರದರ್ಶಕ ಮುಚ್ಚಳ, ಕ್ಯಾನೊಪಿ, ಕಳಚಿಟ್ಟಿದ್ದರು. ತುರ್ತಿನಲ್ಲಿ ಪೈಲಟ್ ಅನ್ನು ಹೊರಗೆ ಚಿಮ್ಮಿಸುವ ಎಜೆಕ್ಷನ್ ಸೀಟ್ ಕೆಲಸ ಮಾಡದಂತೆ ಸೇಫ್ಟಿ ಪಿನ್. ಚಕ್ರ ಮಡಚದಂತೆ ಲಾಕ್. ಹೋಲ್ಡನ್ ಹಾರಿಸಿದ್ದು ಸಣ್ಣ ತರಬೇತಿ ವಿಮಾನಗಳನ್ನು ಮಾತ್ರ.

ಅಜ್ಜ ಊರುಗೋಲಿನ ಹಿಡಿಯನ್ನು ಥ್ರಾಟಲ್ ಮಾಡಿಕೊಂಡರು. ಮುಂದೆ ತಳ್ಳಿ, ಕಟಕ್ ಅಂತ ನಾಲಿಗೆ ಹೊಡೆದರು. "ರೀಹೀಟ್! ಎಂಜಿನ್ ಹಿಂದೆ ಇನ್ನಷ್ಟು ಇಂಧನ ಉರಿದು ಭಾರೀ ನೂಕು. ಲಿವರ್ ಸಿಕ್ಕಿಕೊಂಡಿತು. ಹಿಂದಕ್ಕೆ ಬರಬೇಕಾದರೆ ಇಲ್ಲಿ ಒತ್ತಬೇಕು" ಅಂತ ಬೆರಳು ಮಡಚಿ ತೋರಿಸಿದರು. "ಪಾಪ, ಅವರಿಗೆ ಗೊತ್ತಿರಲಿಲ್ಲ."

ಎದುರಿಗೆ ಇಂಧನದ ಟ್ಯಾಂಕರ್ ದಾಟುತ್ತಿತ್ತು. ತಪ್ಪಿತು. ಅಡ್ಡ ರನ್‌ವೇಯಲ್ಲಿ ಕಾಮೆಟ್ ವಿಮಾನ. ಅದೂ ತಪ್ಪಿತು. ಮುಂದೆ ರನ್‌ವೇನೇ ಮುಗಿಯಿತು. ಹಾರದೆ ಬೇರೆ ದಾರಿ ಇರಲಿಲ್ಲ.

ತಲೆಯ ಮೇಲೆ ಬರೀ ಗಾಳಿ. ಹೆಲ್ಮೆಟ್ ಇಲ್ಲ, ರೇಡಿಯೋ ಇಲ್ಲ. ಎರಡು ಸಲ ಇಳಿಸಲು ಹೋಗಿ ಬಿಟ್ಟರು. ಮೂರನೇ ಸಲ ಬಾಲ ನೆಲಕ್ಕೆ ಬಡಿಯಿತು, ಬ್ರೇಕ್ ಪ್ಯಾರಾಚೂಟ್ ಕಿತ್ತುಹೋಯಿತು. ಆದರೂ ರನ್‌ವೇ ಒಳಗೇ ನಿಂತಿತು. ಗಾಳಿಯಲ್ಲಿ ಇದ್ದದ್ದು ಸುಮಾರು ಹನ್ನೆರಡು ನಿಮಿಷ.

ಅಜ್ಜ ಊರುಗೋಲನ್ನು ಮೆಲ್ಲಗೆ ನೆಲಕ್ಕೆ ಊರಿದರು. ಅವರ ಹೆಬ್ಬೆರಳು ಇನ್ನೂ ಹಿಡಿಯ ಮೇಲೆ ಒತ್ತಿಕೊಂಡೇ ಇತ್ತು.

ಉಳಿದ ಹ್ಯಾಂಗರ್‌ಗಳನ್ನು ಸುಮ್ನೆ ಸುತ್ತಿ ಬಂದೆ. ಏನೂ ನೆನಪಿಲ್ಲ. ರಾತ್ರಿ ಅಪ್ಪನಿಗೆ ಫೋನ್ ಮಾಡಿ ಇಡೀ ಕಥೆ ಹೇಳಿದೆ. ಪೂರ್ತಿ ಕೇಳಿದರು. ಸ್ವಲ್ಪ ಹೊತ್ತು ಮಾತಿಲ್ಲ.

"ಅದೆಲ್ಲ ಸರಿ ಕಣೋ. ಆ ವೈರಿಂಗ್ ಫಾಲ್ಟ್ ಸಿಕ್ತಾ?"