ರಾಡ್ ಆಗಬೇಕಿದ್ದ ಕೋಶ ಕೋನ್ ಆದಾಗ

ಇಲಿಯ ರೆಟಿನಾವನ್ನು, ಅಂದರೆ ಕಣ್ಣಿನ ಹಿಂಬದಿಯಲ್ಲಿ ಬೆಳಕು ಹಿಡಿಯುವ ಪದರವನ್ನು, ತೆಳ್ಳಗೆ ಕತ್ತರಿಸಿ, ಡಿಎನ್‌ಎಗೆ ನೀಲಿ ಬಣ್ಣ ಹಚ್ಚಿ, ಮೈಕ್ರೋಸ್ಕೋಪಿನಲ್ಲಿ ನೋಡುವುದು ನನ್ನ ಕೆಲಸ. ಹೆಬ್ಬಾಳದ ಜಾಮ್ ದಾಟಿ ಆ ಕತ್ತಲೆ ಕೋಣೆ ಸೇರಿಕೊಂಡರೆ ಊಟದ ಹೊತ್ತಾಗಿದ್ದೂ ಗೊತ್ತಾಗುವುದಿಲ್ಲ.

ರಾಡ್ ಕೋಶ ಮಂದ ಬೆಳಕಿಗೆ, ಕೋನ್ ಹಗಲು ಬೆಳಕಿಗೆ ಮತ್ತು ಬಣ್ಣಕ್ಕೆ. ಇಲಿಯಲ್ಲಿ ಇವೆರಡರ ಪೈಕಿ ನೂರಕ್ಕೆ 97 ರಾಡ್‌ಗಳೇ. ಬೆಳೆದ ಇಲಿಯ ರಾಡ್ ನ್ಯೂಕ್ಲಿಯಸ್ಸಿನ ನಟ್ಟನಡುವೆ ಒಂದೇ ಒಂದು ದೊಡ್ಡ ಹೊಳೆಯುವ ಚುಕ್ಕೆ ಇರುತ್ತದೆ. ಕೋನಿನಲ್ಲಿ ಚಿಕ್ಕ ಚುಕ್ಕೆಗಳು, ಅಲ್ಲೊಂದು ಇಲ್ಲೊಂದು. ಒಮ್ಮೆ ಕಣ್ಣಿಗೆ ಅಭ್ಯಾಸವಾದರೆ ಸಾಕು, ಬೇರೆ ಗುರುತೇ ಬೇಡ.

ಎನ್‌ಆರ್‌ಎಲ್ ಎಂಬ ಪ್ರೋಟೀನ್ ಇಲ್ಲದ ಇಲಿಯ ಸ್ಲೈಡಿನಲ್ಲಿ ಈ ದೊಡ್ಡ ಚುಕ್ಕೆಯೇ ಕಾಣುವುದಿಲ್ಲ. ಎಲ್ಲವೂ ಕೋನಿನ ಹಾಗೆ. ನೇರವಾಗಿರಬೇಕಾದ ಕೋಶಗಳ ಸಾಲು ಕೂಡ ಅಲ್ಲಲ್ಲಿ ಸುರುಳಿ ಸುತ್ತಿಕೊಂಡಿರುತ್ತದೆ. ಎನ್‌ಆರ್‌ಎಲ್ ಒಂದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್, ಅಂದರೆ ಡಿಎನ್‌ಎ ಮೇಲೆ ಕೂತು ಯಾವ ಜೀನ್ ನಡೆಯಬೇಕು, ಯಾವುದು ಬೇಡ ಎಂದು ತೀರ್ಮಾನಿಸುವ ಪ್ರೋಟೀನ್. 2001ರಲ್ಲಿ ಅದನ್ನು ತೆಗೆದು ನೋಡಿದಾಗ ರಾಡ್‌ಗಳು ಸತ್ತುಹೋಗಲಿಲ್ಲ, ನೀಲಿ ಬೆಳಕಿಗೆ ಸ್ಪಂದಿಸುವ ಕೋನ್‌ಗಳಂತಾದವು.

ಇದನ್ನು ಹೇಳಿದರೆ ನಮ್ಮ ಸೋದರಮಾವ, "ಮೆಡಿಕಲ್ ಸೀಟು ಸಿಗದೆ ಇಂಜಿನಿಯರಿಂಗ್ ಸೇರಿದ ಹಾಗೆ ಅನ್ನಮ್ಮ" ಎಂದರು. ಇಲ್ಲ ಮಾವ, ಉಲ್ಟಾ. ತಡೆಯುವವರು ಇಲ್ಲದಿದ್ದರೆ ಆ ಕೋಶ ಹೋಗುವ ದಾರಿಯೇ ಕೋನ್. ಎನ್‌ಆರ್‌ಎಲ್ ಇನ್ನೊಂದು ಫ್ಯಾಕ್ಟರ್ ಆದ ಎನ್‌ಆರ್2ಇ3ಯನ್ನು ಎಬ್ಬಿಸುತ್ತದೆ, ಅದು ಕೋನಿನ ಜೀನ್‌ಗಳ ಬಾಯಿ ಮುಚ್ಚಿಸುತ್ತದೆ. ಮನುಷ್ಯರಲ್ಲಿ ಎನ್‌ಆರ್2ಇ3 ಕೆಟ್ಟರೆ ಚಿಕ್ಕಂದಿನಿಂದಲೇ ಇರುಳುಗುರುಡು. ಕ್ಯಾರೆಟ್ ಎಷ್ಟು ತಿಂದರೂ ಅದು ಹೋಗುವುದಿಲ್ಲ.

ಅದಕ್ಕೇ ನನಗೆ 'ಮಾಸ್ಟರ್ ಜೀನ್', ಅಂದರೆ ಕೋಶ ಏನಾಗಬೇಕೆಂದು ಒಂಟಿಯಾಗಿ ತೀರ್ಮಾನಿಸುವ ಯಜಮಾನ ಜೀನ್, ಅನ್ನುವ ಮಾತು ಹಿಡಿಸುವುದಿಲ್ಲ. ಎಟಿಒಎಚ್7 ಎಂಬ ಮತ್ತೊಂದು ಫ್ಯಾಕ್ಟರ್ ಇಲ್ಲದಿದ್ದರೆ ಮಿದುಳಿಗೆ ಸುದ್ದಿ ಮುಟ್ಟಿಸುವ ಗ್ಯಾಂಗ್ಲಿಯಾನ್ ಕೋಶಗಳು ಹುಟ್ಟುವುದೇ ಕಡಿಮೆ, ನಿಜ. ಆದರೆ ಅದು ಇದ್ದ ಕೋಶಗಳಲ್ಲಿ ಜಾಸ್ತಿ ಪಾಲು ಬೇರೇನೋ ಆಗುತ್ತವೆ. ಇದೆಂಥ ಯಜಮಾನಿಕೆ, ಅಲ್ವಾ?

"ದೊಡ್ಡವಾದ ಮೇಲೆ ಬದಲಾಯಿಸೋಕಾಗಲ್ವಾ?" ಎಂದು ಮಾವ ಕೇಳಿದರು. ಸುಮ್ನೆ ಕೇಳಿದ್ದಲ್ಲ, ಒಳ್ಳೆಯ ಪ್ರಶ್ನೆಯೇ. 2013ರಲ್ಲಿ ಬೆಳೆದ ಇಲಿಗಳ ರಾಡ್‌ಗಳಿಂದ ಎನ್‌ಆರ್‌ಎಲ್ ಕಿತ್ತು ನೋಡಿದ್ದಾರೆ. ರಾಡ್‌ಗಳು ಸಾಯುವ ಕಾಯಿಲೆಯಿದ್ದ ಇಲಿಗಳಲ್ಲೂ ಇದರಿಂದ ಕೋಶಗಳು ಉಳಿದುಕೊಂಡವು. ಪೂರ್ತಿ ಕೋನ್ ಮಾತ್ರ ಆಗಲಿಲ್ಲ, ಅರ್ಧ ದಾರಿಯಲ್ಲೇ ನಿಂತವು.