ನಾಲ್ಕು ಸ್ಕ್ರೂಗಳ ಒಂದು ಬೆಳಿಗ್ಗೆ

ಸೊಂಟದ ನಾಲ್ಕನೆಯ ಕಶೇರು, ಅಂದರೆ ಬೆನ್ನುಮೂಳೆಯ ಮಣಿ, ಐದನೆಯದರ ಮೇಲೆ ಮುಂದಕ್ಕೆ ಜಾರಿದೆ. ಹತ್ತು ನಿಮಿಷ ನಡೆದರೆ ಕಾಲು ಜೋಮು ಹಿಡಿಯುತ್ತದೆ, ಕೂತರೆ ಬಿಡುತ್ತದೆ. ತಿಂಗಳುಗಟ್ಟಲೆ ಮಾತ್ರೆ, ಫಿಸಿಯೋಥೆರಪಿ, ನರದ ಬುಡಕ್ಕೆ ಇಂಜೆಕ್ಷನ್ ಎಲ್ಲ ಆಗಿದೆ. ಇಂಥ ರೋಗಿಗೆ ರೋಬೋಟಿನ ನೆರವಿನಿಂದ ಈ ಎರಡು ಕಶೇರುಗಳನ್ನು (ಎಲ್4, ಎಲ್5) ಬೆಸೆಯುವುದೆಂದರೆ ಸಾಮಾನ್ಯವಾಗಿ 4 ಸ್ಕ್ರೂ, 2 ರಾಡ್, ನಡುವಿನ ಮೆತ್ತೆ (ಡಿಸ್ಕ್) ಇದ್ದ ಜಾಗಕ್ಕೆ ಒಂದು ಕೇಜ್, ಅಂದರೆ ಆ ಎಡೆಯನ್ನು ತುಂಬಿ ಹಿಡಿಯುವ ಗಟ್ಟಿ ತುಂಡು. ಸ್ಕ್ರೂ ಹೋಗಬೇಕಾದ ದಾರಿ ಪೆಡಿಕಲ್, ಅಂದರೆ ಕಶೇರುವಿನ ಹಿಂಭಾಗವನ್ನು ಮುಂಭಾಗಕ್ಕೆ ಕೂಡಿಸುವ ಗಿಡ್ಡ ಮೂಳೆ. ಅದರ ಒಳಮಗ್ಗುಲಿಗೆ ನರಗಳ ಚೀಲ, ಕೆಳಗೆ ಕಾಲಿಗೆ ಹೊರಡುವ ನರ. ಈ ಸಂದಿನಲ್ಲಿ 6.5 ಮಿ.ಮೀ. ದಪ್ಪದ, 45 ಮಿ.ಮೀ. ಉದ್ದದ ಸ್ಕ್ರೂ ಕೂರಬೇಕು. ರೋಬೋಟಿನ ಕೆಲಸ ಆ ದಾರಿಯನ್ನು ಅಲುಗದಂತೆ ಹಿಡಿದು ತೋರಿಸುವುದು. ಕೊರೆಯುವುದೂ ನರ ಬಿಡಿಸುವುದೂ ಸರ್ಜನ್ ಕೈಯೇ. ‘ಮೆಷಿನ್ನೇ ಆಪರೇಷನ್ ಮಾಡುತ್ತಂತೆ’ ಎಂದು ಹೆದರಿ ಬರುವ ಮನೆಯವರಿಗೆ ಮೊದಲು ಹೇಳಬೇಕಾದ್ದು ಇದನ್ನೇ.

ಅರ್ಧ ಕೆಲಸ ಹಿಂದಿನ ದಿನವೇ ಮುಗಿದಿರುತ್ತದೆ. 1 ಮಿ.ಮೀ. ಅಥವಾ ಅದಕ್ಕಿಂತ ತೆಳುವಾದ ಪದರಗಳ ಸಿ.ಟಿ. ತೆಗೆದು, ಒಂದೊಂದು ಸ್ಕ್ರೂವಿನ ದಪ್ಪ, ಉದ್ದ, ಓರೆಯನ್ನು ಪರದೆಯ ಮೇಲೆ ಗೊತ್ತುಮಾಡುತ್ತಾರೆ. ಎಲ್4 ಸ್ಕ್ರೂವಿನ ತಲೆ ಅದರ ಮೇಲಿನ ಕೀಲಿಗೆ ತಾಗಬಾರದು. ತಾಗಿದರೆ ಮುಂದೆ ಆ ಕೀಲು ಸವೆದು ಹೊಸ ನೋವು ಶುರುವಾಗಬಹುದು.

ಬೆಳಿಗ್ಗೆ ಅರಿವಳಿಕೆ ಕೊಟ್ಟು ರೋಗಿಯನ್ನು ಬೋರಲು ಮಲಗಿಸುವಾಗ ಹೊಟ್ಟೆ ಮೇಜಿಗೆ ಒತ್ತದಂತೆ ಬಿಡಬೇಕು. ಒತ್ತಿದರೆ ಬೆನ್ನೊಳಗಿನ ರಕ್ತನಾಳಗಳು ಉಬ್ಬಿ ರಕ್ತಸ್ರಾವ ಹೆಚ್ಚುತ್ತದೆ. ಆಮೇಲೆ ರೋಬೋಟಿನ ತೋಳನ್ನು ಮೇಜಿಗೆ ಬಿಗಿದು, ಅದನ್ನು ರೋಗಿಯ ಮೂಳೆಗೆ ಸೇರಿಸಲು ಸೊಂಟದ ಮೂಳೆಯ ಹಿಂತುದಿಗೆ ಒಂದು ಪಿನ್ ಹೊಡೆಯುತ್ತಾರೆ. 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇಸ್ರೇಲಿನ ಸ್ಪೈನ್‌ಅಸಿಸ್ಟ್ ಯಂತ್ರವನ್ನೇ ರೋಗಿಯ ಮೂಳೆಗೆ ಜೋಡಿಸುತ್ತಿದ್ದರು. ಯಂತ್ರಗಳು ಈಗ ಎಷ್ಟೋ ಬದಲಾಗಿವೆ, ಆದರೆ ಮೂಳೆಗೂ ಯಂತ್ರಕ್ಕೂ ನಡುವಿನ ಆ ನಂಟು ಸಡಿಲವಾಗಬಾರದು ಎಂಬುದು ಬದಲಾಗಿಲ್ಲ. ನಂತರ ಉಸಿರನ್ನು ಕ್ಷಣಕಾಲ ತಡೆದು ಸಿ-ಆರ್ಮ್‌ನಿಂದ (ಮೇಜಿನ ಸುತ್ತ ತಿರುಗಿಸಬಹುದಾದ ಎಕ್ಸ್‌ರೇ ಯಂತ್ರ) ಎರಡು ಎಕ್ಸ್‌ರೇ, ಒಂದು ನೇರ, ಒಂದು ಓರೆ. ಸಿ.ಟಿ.ಗೆ ಅಂಗಾತ ಮಲಗಿದ್ದವರು ಈಗ ಬೋರಲಾಗಿದ್ದಾರೆ, ಕಶೇರುಗಳ ನಡುವಿನ ಕೋನ ಬದಲಾಗಿದೆ. ಅದಕ್ಕೇ ಸಾಫ್ಟ್‌ವೇರ್ ಈ ಎಕ್ಸ್‌ರೇಯ ಒಂದೊಂದು ಕಶೇರುವನ್ನೂ ಸಿ.ಟಿ.ಯೊಂದಿಗೆ ಬೇರೆಬೇರೆಯಾಗಿ ತಾಳೆ ನೋಡುತ್ತದೆ. ಕರುಳಿನಲ್ಲಿ ಗಾಳಿ ತುಂಬಿದ್ದರೆ, ಮೈ ತೀರ ದಪ್ಪಗಿದ್ದರೆ ಚಿತ್ರ ಮಸುಕಾಗಿ ತಾಳೆ ಕೂಡುವುದಿಲ್ಲ.

ಪರದೆ ‘ಸರಿ’ ಎಂದರೂ ನಂಬಿ ಹೊರಡುವಂತಿಲ್ಲ. ಕಣ್ಣಿಗೆ ಕಾಣುವ, ಕೈಗೆ ಸಿಗುವ ಒಂದು ಮೂಳೆಯ ಮೇಲೆ ಸಲಕರಣೆಯ ತುದಿ ಇಟ್ಟು, ಪರದೆಯಲ್ಲೂ ಅದು ಅಲ್ಲೇ ಕೂತಿದೆಯೇ ನೋಡಬೇಕು. ಯಾರದೋ ಮೊಣಕೈ ಪಿನ್ನಿಗೆ ತಾಗಿದರೂ, ಟೊಳ್ಳಾದ ಮೂಳೆಯಲ್ಲಿ ಪಿನ್ ಸಡಿಲಾದರೂ ನಾಲ್ಕೂ ಸ್ಕ್ರೂ ಒಂದೇ ಕಡೆಗೆ ತಪ್ಪಬಹುದು. ಆಗ ತಾಳೆಯನ್ನು ಮೊದಲಿಂದ ಮಾಡಬೇಕು.

ಹೆಚ್ಚು ಕಾಡುವುದು ಡ್ರಿಲ್ ಜಾರುವುದು. ಸ್ಕ್ರೂ ಒಳಹೊಗುವ ಕಡೆ ಕೀಲಿನ ಮೂಳೆ ಇಳಿಜಾರಾಗಿರುತ್ತದೆ. ತೋಳು ಕೋನವನ್ನು ಸರಿಯಾಗಿಯೇ ಹಿಡಿದಿದ್ದರೂ ತುದಿ ಇಳಿಜಾರಿನಲ್ಲಿ ಹೊರಕ್ಕೋ ಒಳಕ್ಕೋ ಜಾರುತ್ತದೆ, ಪರದೆಗೆ ಅದು ಗೊತ್ತೇ ಆಗದಿರಬಹುದು. ಚರ್ಮ, ಅದರಡಿಯ ಪೊರೆ ಸಾಕಷ್ಟು ಬಿಡಿಸದಿದ್ದರೆ ಡ್ರಿಲ್‌ಗೆ ದಾರಿ ತೋರಿಸುವ ಕೊಳವೆಯನ್ನು ಸ್ನಾಯು ಪಕ್ಕಕ್ಕೆ ತಳ್ಳುವುದೂ ಹೀಗೆಯೇ. ಗಾಯವನ್ನು ತುಸು ದೊಡ್ಡದು ಮಾಡಿ, ಮೂಳೆಯ ಮೇಲೆ ಸಣ್ಣ ಸಮತಟ್ಟು ಕೆತ್ತಿ, ಡ್ರಿಲ್ ವೇಗವಾಗಿ ತಿರುಗುವಾಗ ಮೆಲ್ಲಗೆ ಇಳಿಸಬೇಕು, ಒತ್ತಬಾರದು. ಎರಡು ಸಲ ನೋಡಿದರೂ ತಾಳೆಯಾಗದಿದ್ದರೆ ರೋಬೋಟನ್ನು ಬದಿಗಿಟ್ಟು ಸಿ-ಆರ್ಮ್ ನೋಡುತ್ತ ಹಳೆಯ ಕ್ರಮದಲ್ಲೇ ಹಾಕಬೇಕು. ಹಾಗೆ ಹಾಕಲು ಬಾರದ ಕೈಗೆ ರೋಬೋಟ್ ಕೊಡಬಾರದು.

ಸ್ಕ್ರೂ ಕೂತ ಮೇಲೆ ಅದಕ್ಕೆ ಸಣ್ಣ ಕರೆಂಟ್ ಕೊಟ್ಟು ಕಾಲಿನ ಸ್ನಾಯು ಮಿಡಿಯುತ್ತದೆಯೇ ನೋಡುವ ಪದ್ಧತಿಯಿದೆ. ಕೆಲವೇ ಮಿಲಿಆಂಪಿಯರ್‌ಗೆ ಮಿಡಿದರೆ ಮೂಳೆಯ ಗೋಡೆ ಒಡೆದಿರುವ ಅನುಮಾನ. 10 ದಾಟಿದರೂ ಸುಮ್ಮನಿದ್ದರೆ ಸಮಾಧಾನ. ಈ ಪರೀಕ್ಷೆಯ ಹೊತ್ತಿಗೆ ಸ್ನಾಯು ಸಡಿಲಿಸುವ ಔಷಧಿಯ ಪ್ರಭಾವ ಇಳಿದಿರಬೇಕು, ಇಲ್ಲದಿದ್ದರೆ ಆ ಸುಮ್ಮನಿರುವಿಕೆಗೆ ಅರ್ಥವಿಲ್ಲ.

ಇಷ್ಟೆಲ್ಲದರಿಂದ ರೋಗಿಗೇನು ಲಾಭ? ಸ್ಕ್ರೂ ತಪ್ಪಿ ಕೂರುವುದು ಕಡಿಮೆ. ಉದ್ದಕ್ಕೆ ಸೀಳದೆ ಸಣ್ಣ ಗಾಯಗಳಲ್ಲಿ ಮುಗಿಸಿದರೆ ಸ್ನಾಯುವಿಗೂ ಪೆಟ್ಟು ಕಡಿಮೆ, ರಕ್ತವೂ ಕಡಿಮೆ ಹೋಗುತ್ತದೆ. ತಿರುಚಿದ ಬೆನ್ನು, ಹಿಂದೊಮ್ಮೆ ಆಪರೇಷನ್ ಆಗಿ ಗುರುತುಗಳೇ ಅಳಿಸಿಹೋದ ಬೆನ್ನು, ಇವುಗಳಲ್ಲಿ ರೋಬೋಟಿನ ಉಪಯೋಗ ಎದ್ದು ಕಾಣುತ್ತದೆ. ಆದರೆ ವರ್ಷ ಕಳೆದ ಮೇಲೆ ಕಾಲುನೋವು ಎಷ್ಟು ಇಳಿದಿದೆ ಎಂದು ನೋಡಿದರೆ, ಪಳಗಿದ ಕೈಯ ಹಳೆಯ ಕ್ರಮಕ್ಕಿಂತ ರೋಬೋಟ್ ಸ್ಪಷ್ಟವಾಗಿ ಮೇಲು ಎಂದು ಇನ್ನೂ ಸಾಬೀತಾಗಿಲ್ಲ. ಖರ್ಚೂ ಹೆಚ್ಚು. ಸಾಲ ಮಾಡಿ ಬರುವ ಕುಟುಂಬಕ್ಕೆ ಇದನ್ನು ಬಿಡಿಸಿ ಹೇಳಲೇಬೇಕು.

ತೊಂದರೆಯಿಲ್ಲದಿದ್ದರೆ ಮರುದಿನವೇ ನಡೆಸುತ್ತಾರೆ. ಏಳುವಾಗ ಮಗ್ಗುಲಿಗೆ ಹೊರಳಿ, ಕಾಲು ಕೆಳಗಿಳಿಸಿ, ಕೈಯೂರಿ ಏಳಬೇಕು. ನೆಲದಲ್ಲಿ ಕೂತು ಈಳಿಗೆಮಣೆಯಲ್ಲಿ ಕಾಯಿ ತುರಿಯುವುದು, ಬಗ್ಗಿ ಕಸ ಗುಡಿಸುವುದು, ಕೊಡ ಎತ್ತುವುದು ಡಾಕ್ಟರು ಹೇಳುವವರೆಗೆ ಬೇಡ. ಮೂಳೆ ಬೆಸೆಯಲು 6 ತಿಂಗಳಿಂದ ಒಂದು ವರ್ಷ ಬೇಕು. ಅಷ್ಟೂ ಕಾಲ ಬೀಡಿ, ಸಿಗರೇಟು ಮುಟ್ಟುವಂತಿಲ್ಲ. ಬೆಸುಗೆ ಆಗದಿದ್ದರೆ, ಎಷ್ಟು ಸರಿಯಾಗಿ ಕೂತ ಸ್ಕ್ರೂ ಆದರೂ ಕೊನೆಗೆ ಸಡಿಲಾಗಬಹುದು.