ನಾಯಿ ಓಡಿಸುವುದಕ್ಕಿಂತ ಮೀನಿನ ಕಸ ಮುಚ್ಚುವುದೇ ಜಾಸ್ತಿ ಕೆಲಸ

ಬೇಸಿಗೆಯಲ್ಲಿ ಆಲಮಟ್ಟಿ ಹಿನ್ನೀರು ಇಳಿದಾಗ ಬಾಗಲಕೋಟೆ, ಬೀಳಗಿ ಕಡೆ ಹೊಳೆಯ ನಡುವೆ ಗಡ್ಡೆಗಳು ಏಳುತ್ತವೆ. ಅಲ್ಲಿ ರೀವ (ರಿವರ್ ಟರ್ನ್) ಹಕ್ಕಿಗಳು ಮೊಟ್ಟೆ ಇಡುತ್ತವೆ. ಗೂಡು ಅಂತ ಏನೂ ಇರುವುದಿಲ್ಲ, ಬರೀ ನೆಲ. ನಾಯಿ, ಕಾಗೆ, ಮುಂಗುಸಿ ತಿನ್ನದ ಹಾಗೆ ಆ ಮೊಟ್ಟೆ ಕಾಯುವುದೇ ನನ್ನ ಕೆಲಸ.

"ಹಂಗಾದ್ರ ನಾಯಿ ಹೊಡೀತೀರೇನ್ರಿ?" ಅಂತ ಸುಮಾರು ಜನ ಕೇಳುತ್ತಾರೆ. ಹೊಡೆಯುವ ಹಾಗಿಲ್ಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದಲ್ಲಿ ಬೀದಿ ನಾಯಿಗೆ ಸಂತಾನಹರಣ ಆಪರೇಷನ್, ಲಸಿಕೆ ಮಾಡಿಸಿ ಹಿಡಿದ ಜಾಗಕ್ಕೇ ಬಿಡಬೇಕು ಅಂತಿದೆ. ಕಾಗೆ ಮೊದಲು 1972ರ ವನ್ಯಜೀವಿ ಕಾಯ್ದೆಯ ಉಪದ್ರವಿ ಪಟ್ಟಿಯಲ್ಲಿ, ಅಂದರೆ ಕೊಲ್ಲಲು ಅಡ್ಡಿಯಿಲ್ಲದ ಪ್ರಾಣಿಗಳ ಪಟ್ಟಿಯಲ್ಲಿ ಇತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. ಹೊಡೆದರೂ ಏನು ಬಂತು? ತಿನ್ನಲು ಸಿಗುವವರೆಗೆ ಇನ್ನೊಂದು ಬಂದೇ ಬರುತ್ತದೆ.

ನಾಯಿಗಳು ದಡಕ್ಕೆ ಬರುವುದು ಮೊಟ್ಟೆಗಾಗಿ ಅಲ್ಲ, ಮೀನಿಗಾಗಿ. ಬೆಳಿಗ್ಗೆ ಬಲೆ ಬಿಡಿಸಿದ ಮೇಲೆ ಕರುಳು, ಸಣ್ಣ ಮೀನು ಅಲ್ಲೇ ಬಿದ್ದಿರುತ್ತವೆ. ನೀರು ಇನ್ನಷ್ಟು ಇಳಿದರೆ ದಡದಿಂದ ಗಡ್ಡೆಗೆ ಕೆಸರಿನ ದಾರಿ ಬೀಳುತ್ತದೆ. ಆಮೇಲೆ ನಾಯಿಗೆ ಈಜುವ ಕಷ್ಟವೂ ಇಲ್ಲ. "ಅಣ್ಣಾರ, ಕರುಳು ಗುಂಡ್ಯಾಗ ಹಾಕ್ರಿ" ಅಂದರೆ ಮೀನುಗಾರರು, "ಗುಂಡಿ ಯಾರು ತೋಡ್ತಾರ್ರೀ, ನೀವ?" ಅಂತ ನಗುತ್ತಾರೆ. ಕೇಳಿದ್ದು ಸರಿಯೇ ಅಲ್ವಾ? ನಾವೇ ತೋಡಿದೆವು. ದಿನಾ ಮೇಲೆ ಮಣ್ಣು ಎಳೆಯುವುದೂ ನಮ್ಮದೇ.

ಇನ್ನೊಂದು ತಲೆನೋವು ಬಳ್ಳಾರಿ ಜಾಲಿ ಅನ್ನುವ ಮುಳ್ಳಿನ ಗಿಡ. ಎತ್ತರದ ಗಡ್ಡೆಗಳ ಮೇಲೂ ಹಬ್ಬಿದೆ. ಕಾಗೆಗೆ ಅದು ಕಾವಲು ಗೋಪುರ ಇದ್ದ ಹಾಗೆ, ಮುಂಗುಸಿಗೆ ಅಡಗಲು ಜಾಗ. ಬರೀ ಬೊಡ್ಡೆ ಕಡಿದರೆ ಮತ್ತೆ ಚಿಗುರುತ್ತದೆ, ಬೇರಿನ ಬುಡ ಅಗೆದೇ ತೆಗೆಯಬೇಕು. ಕೂಲಿಯವರಿಗೆ ನಾನು ಮೊದಲು ಹೂವು ತೋರಿಸುತ್ತೇನೆ. ಹಳದಿ ಉಂಡೆ ಹೂವಿದ್ದರೆ ನಮ್ಮ ಕರಿಜಾಲಿ, ಮುಟ್ಟಬೇಡಿ. ತೆನೆಯ ಹಾಗೆ ಉದ್ದ ಹೂವಿದ್ದರೆ ಕಡಿಯಿರಿ. ಕಟ್ಟಿಗೆ ಊರಿನವರು ಒಯ್ಯುತ್ತಾರೆ. ಮುಳ್ಳಿನ ಟೊಂಗೆಗಳನ್ನು ಕಾಯಿ ಕಿತ್ತು ಆ ಕೆಸರಿನ ದಾರಿಗೆ ಅಡ್ಡ ಬೇಲಿ ಹಾಕುತ್ತೇವೆ. ಈ ಕೆಲಸವೆಲ್ಲ ಫೆಬ್ರವರಿಯೊಳಗೆ ಮುಗಿಯಬೇಕು. ಹಕ್ಕಿ ಕೂತ ಮೇಲೆ ಕೊಡಲಿ ಸದ್ದು ಬೇಡವೇ ಬೇಡ.

ಮಾರ್ಚ್ ನಂತರ ನಾವೂ ದೂರ. ದುರ್ಬೀನಿನಲ್ಲಿ ನೋಡುವುದಷ್ಟೇ. ಬಿಸಿಲು ಏರಿದಾಗ ತಾಯಿಹಕ್ಕಿ ಹೊಳೆಗೆ ಹೋಗಿ ಹೊಟ್ಟೆಯ ಪುಕ್ಕ ಒದ್ದೆ ಮಾಡಿಕೊಂಡು ಬಂದು ಮೊಟ್ಟೆ ಮೇಲೆ ಕೂರುತ್ತದೆ. ಅಂಥ ಹೊತ್ತಲ್ಲಿ ಯಾರಾದರೂ ಫೋಟೋಗೆ ಅಂತ ಹತ್ತಿರ ಹೋದರೆ ಅದು ಏಳಲೇಬೇಕು. ಮೊಟ್ಟೆ ಬಿಸಿಲಿಗೆ ಬೇಯುತ್ತದೆ. ಹಕ್ಕಿ ಎದ್ದ ಜಾಗವನ್ನು ಕಾಗೆಯೂ ನೋಡಿಟ್ಟುಕೊಳ್ಳುತ್ತದೆ. ನನ್ನ ಕೇಳಿದರೆ, ನಾಯಿಗಿಂತ ಕ್ಯಾಮೆರಾದವರನ್ನು ತಡೆಯುವುದೇ ಕಷ್ಟ. ಅವರಿಗೆ ಮುಳ್ಳುಬೇಲಿ ಲೆಕ್ಕಕ್ಕಿಲ್ಲ.

ಮಳೆ ಬಿದ್ದ ಮೇಲೆ ಜಾಲಿಯ ಮರಿಗಿಡ ಕೀಳಲು ಮತ್ತೆ ಹೋಗಬೇಕು. ದನ, ಮೇಕೆ ಕಾಯಿ ತಿಂದು ಬೀಜ ಎಲ್ಲೆಲ್ಲೋ ಹಾಕಿರುತ್ತವೆ. ಆಗ ದೋಣಿ ಬೇಕು. ಅದನ್ನು ಕೊಡುವವರು ಅದೇ ಮೀನುಗಾರ ಅಣ್ಣಂದಿರು.